ಎಂ.ಎಸ್ಸಿ. ಮುಚ್ಚಿಟ್ಟು ಬರೀ ಬಿ.ಎಸ್ಸಿ. ಅಂತ ರೆಸ್ಯೂಮ್ ಕೊಟ್ಟರೆ ಏನಾಗುತ್ತೆ?

ಕೊಬ್ಬರಿಸೀಮೆ:

ಎಲ್ಲರೂ ಓದದೇ ಇರೋದನ್ನು ಓದಿದ್ದೇವೆ ಅಂತ ಹಾಕಿಕೊಳ್ಳುತ್ತಾರೆ. ನನ್ನದು ಉಲ್ಟಾ. ಓದಿದ್ದನ್ನು ಓದಿಲ್ಲ ಅನ್ನಬೇಕಾಗಿದೆ.

ನಾನು ತಿಪಟೂರು ಕಡೆಯವಳು. 2022ರಲ್ಲಿ ಬಿ.ಎಸ್ಸಿ. ಮುಗಿಯಿತು, ಪಿಸಿಎಂ. 2024ರಲ್ಲಿ ಎಂ.ಎಸ್ಸಿ. ಕೆಮಿಸ್ಟ್ರಿ. ಆಮೇಲೆ ಊರ ಹತ್ತಿರದ ಒಂದು ಖಾಸಗಿ ಪಿಯು ಕಾಲೇಜಿನಲ್ಲಿ ಪಾಠ ಮಾಡಿದೆ. ಅವರು ಕೊಡುತ್ತಿದ್ದ ಸಂಬಳ ಬಸ್ಸಿಗೂ ಮಧ್ಯಾಹ್ನದ ಊಟಕ್ಕೂ ಸರಿಹೋಗುತ್ತಿತ್ತು. ಬೇಸಿಗೆ ರಜೆಯಲ್ಲಿ ಅದೂ ಇಲ್ಲ. ಈಗ ಬೊಮ್ಮಸಂದ್ರದಲ್ಲಿ ಪಿಜಿಯಲ್ಲಿದ್ದೇನೆ. ಔಷಧಿ ಕಂಪನಿಗಳಲ್ಲಿ ಕ್ಯೂಸಿ ಲ್ಯಾಬ್ (ಔಷಧಿಯ ಗುಣಮಟ್ಟ ಪರೀಕ್ಷೆ ಮಾಡೋ ಲ್ಯಾಬ್) ಕೆಲಸ ಹುಡುಕುತ್ತಿದ್ದೇನೆ.

ಟ್ರೈನಿ ಕೆಲಸಕ್ಕೆಲ್ಲ ಬಿ.ಎಸ್ಸಿ. ಸಾಕು ಅಂತಾರೆ. ಎಂ.ಎಸ್ಸಿ. ಕೆಲಸಕ್ಕೆ ಎರಡು ವರ್ಷ ಅನುಭವ ಬೇಕು ಅಂತಾರೆ. ನಾನು ಎರಡಕ್ಕೂ ನಡುವೆ ಸಿಕ್ಕಿಹಾಕಿಕೊಂಡಿದ್ದೇನೆ. ಹೋದ ಇಂಟರ್‌ವ್ಯೂನಲ್ಲಿ ಎಚ್‌ಆರ್ ಮೇಡಂ ಪೆನ್ಸಿಲ್ ತಗೊಂಡು ನನ್ನ ಎಂ.ಎಸ್ಸಿ. ಸುತ್ತ ಒಂದು ರೌಂಡ್ ಹಾಕಿದರು. "ಆರು ತಿಂಗಳಲ್ಲಿ ಬಿ.ಎಡ್.ಗೆ ಹೋಗ್ತೀರ, ಇಲ್ಲಾ ಲೆಕ್ಚರರ್ ಪರೀಕ್ಷೆ ಬರೀತೀರ, ಅಲ್ವಾ?" ಅಂದರು. ಇಲ್ಲ ಮೇಡಂ ಅಂದೆ. ನಕ್ಕರು. ಲ್ಯಾಬ್ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಈಗ ಒಬ್ಬ ಕನ್ಸಲ್ಟೆನ್ಸಿಯವನು ಗಂಟುಬಿದ್ದಿದ್ದಾನೆ. ಮೊದಲ ತಿಂಗಳ ಸಂಬಳ ಅವನಿಗಂತೆ, ಅದು ಬೇರೆ ಕಥೆ. ನನ್ನ ಎದುರಿಗೇ ಅವನ ಕಂಪ್ಯೂಟರಿನಲ್ಲಿ ಎಂ.ಎಸ್ಸಿ. ಸಾಲು ಅಳಿಸಿದ. ಪಿಯು ಕಾಲೇಜನ್ನೂ ಅಳಿಸಿದ. 2022ರಿಂದ ಈಚೆಗೆ "ತಂದೆಯ ಅನಾರೋಗ್ಯದ ಕಾರಣ ಮನೆಯಲ್ಲಿದ್ದೆ" ಅಂತ ಟೈಪ್ ಮಾಡಿದ. ನಮ್ಮಪ್ಪ ಗುಂಡುಕಲ್ಲಿನ ಹಾಗೆ ಇದ್ದಾರೆ! ಬೆಳಿಗ್ಗೆ ಐದಕ್ಕೆ ಎದ್ದು ತೋಟಕ್ಕೆ ಹೋಗೋ ಮನುಷ್ಯ. ಆ ಸಾಲು ನೋಡಿದಾಗಿನಿಂದ ಮನಸ್ಸಿಗೆ ಒಂಥರಾ ಆಗಿದೆ.

ಆದರೆ ಕೆಲಸವೂ ಬೇಕು. ಇಲ್ಲದ ಡಿಗ್ರಿ ಹಾಕಿಕೊಂಡರೆ ಮೋಸ, ಸರಿ. ಇರೋ ಡಿಗ್ರಿ ಹಾಕದಿದ್ದರೂ ಮೋಸವಾ? ವೆರಿಫಿಕೇಶನ್‌ನಲ್ಲಿ ಸಿಕ್ಕಿಬೀಳುತ್ತೀನಾ? ಫಾರ್ಮಾ ಕಡೆ ಇರೋರು ಹೇಳಿ ಪ್ಲೀಸ್.

ಬನಶಂಕರಿ ಬಾಯ್:

ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಹಾಕಬೇಡಿ ಅಷ್ಟೇ. ರೆಸ್ಯೂಮ್ ಅಂದರೆ ಜಾತಕ ಅಲ್ಲ, ಹುಟ್ಟಿದ ಗಳಿಗೆಯಿಂದ ಎಲ್ಲಾ ಬರೆಯೋಕೆ. ನನ್ನ ರೂಮ್‌ಮೇಟ್ ಬಿ.ಇ. ಮಾಡಿ ಡಿಪ್ಲೊಮಾ ಅಂತ ಮಾತ್ರ ತೋರಿಸಿ ಫ್ಯಾಕ್ಟರಿಗೆ ಸೇರಿದ. ಯಾರೂ ಕೇಳಲಿಲ್ಲ. ಕಂಪನಿಯವರು ಸುಳ್ಳು ಹೇಳಲ್ವಾ? ಪೋಸ್ಟರ್‌ನಲ್ಲಿ ವರ್ಷಕ್ಕೆ ಮೂರು ಲಕ್ಷ ಅಂತಾರೆ, ಕೈಗೆ ಬರೋದು ಎಷ್ಟು ಅಂತ ಸೇರಿದ ಮೇಲೆ ಗೊತ್ತಾಗುತ್ತೆ. ಅವರಿಗೊಂದು ನ್ಯಾಯ, ನಮಗೊಂದು ನ್ಯಾಯನಾ?

ಜಿಗಣಿ ಕ್ಯೂಎ:

ಕೊಬ್ಬರಿಸೀಮೆಯವರೇ, ನಾನು ಜಿಗಣಿ ಕಡೆ ಒಂದು ಮಾತ್ರೆ ಕಂಪನಿಯಲ್ಲಿ ಕ್ಯೂಎ, ಅಂದರೆ ಗುಣಮಟ್ಟದ ಖಾತರಿ ನೋಡಿಕೊಳ್ಳೋ ವಿಭಾಗ. ಟ್ರೈನಿಗಳ ಫೈಲು ನನ್ನ ಟೇಬಲ್ ಮೇಲೇ ಹಾದುಹೋಗುತ್ತೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ನಿಮ್ಮ ಪ್ರಶ್ನೆಗೆ ನೇರ ಉತ್ತರ. ಒಂದು ಕೆಲಸಕ್ಕೆ ಬೇಡದ ಓದನ್ನು ರೆಸ್ಯೂಮ್‌ನಿಂದ ಬಿಡೋದು ನನ್ನ ಪ್ರಕಾರ ಸುಳ್ಳಲ್ಲ. ಟೈಪಿಂಗ್ ಸೀನಿಯರ್ ಪಾಸಾಗಿದ್ದೀರ ಅಂತ ನಮಗೆ ಹೇಳಲೇಬೇಕು ಅಂತೇನಿಲ್ಲ. ಆದರೆ ನಿಮ್ಮದು ಎರಡು ವರ್ಷದ ಓದು. ಅದನ್ನು ತೆಗೆದರೆ ಅಲ್ಲಿ ಗುಂಡಿ ಉಳಿಯುತ್ತೆ. ಆ ಗುಂಡಿಗೆ ಏನು ತುಂಬುತ್ತೀರ ಅನ್ನೋದೇ ಪ್ರಶ್ನೆ. ನಿಮ್ಮ ಕನ್ಸಲ್ಟೆನ್ಸಿಯವನು ನಿಮ್ಮ ತಂದೆಯವರ ಆರೋಗ್ಯ ತುಂಬಿದ. ಸಾಲು ಅಳಿಸಿದ್ದು ಸುಳ್ಳಲ್ಲ, ಟೈಪ್ ಮಾಡಿದ್ದು ಸುಳ್ಳು.

ಇನ್ನು ಮುಂದೆ ಏನಾಗುತ್ತೆ ಕೇಳಿ. ಆಯ್ಕೆ ಆದ ಮೇಲೆ ಎಚ್‌ಆರ್ ಒಂದು ಫಾರ್ಮ್ ಕೊಡುತ್ತಾರೆ. ರೆಸ್ಯೂಮ್ ಬೇರೆ, ಫಾರ್ಮ್ ಬೇರೆ. ಫಾರ್ಮ್‌ನಲ್ಲಿ "ಅತಿ ಹೆಚ್ಚಿನ ವಿದ್ಯಾರ್ಹತೆ" ಅಂತ ಕಾಲಂ ಇರುತ್ತೆ. ಕೆಳಗೆ "ಮೇಲಿನ ಮಾಹಿತಿಯೆಲ್ಲ ಸತ್ಯ" ಅಂತ ಸಹಿ. ಓದಿಗೂ ಕೆಲಸಕ್ಕೂ ನಡುವೆ ಗ್ಯಾಪ್ ಇದ್ದರೆ ಎಷ್ಟೋ ಕಡೆ ನೋಟರಿ ಅಫಿಡವಿಟ್ ಕೇಳುತ್ತಾರೆ. ಛಾಪಾ ಕಾಗದದ ಮೇಲೆ, ಆ ಸಮಯದಲ್ಲಿ ನಾನು ಎಲ್ಲೂ ಓದುತ್ತಿರಲಿಲ್ಲ, ಕೆಲಸದಲ್ಲಿರಲಿಲ್ಲ ಅಂತ ಪ್ರಮಾಣ ಮಾಡಬೇಕು. ರೆಸ್ಯೂಮ್‌ನಲ್ಲಿ ಒಂದು ಸಾಲು ಬಿಟ್ಟಿದ್ದು ಇಲ್ಲಿಗೆ ಬರುವಷ್ಟರಲ್ಲಿ ಪ್ರಮಾಣ ಮಾಡಿ ಹೇಳಿದ ಸುಳ್ಳಾಗಿರುತ್ತೆ. ಕನ್ಸಲ್ಟೆನ್ಸಿಯವನು ಇದನ್ನು ಹೇಳಿದ್ದಾನಾ? ಹೇಳಿರಲ್ಲ ಬಿಡಿ.

ವೆರಿಫಿಕೇಶನ್ ವಿಷಯ. ಅವರು ಸಾಮಾನ್ಯವಾಗಿ ನೀವು ಕೊಟ್ಟಿದ್ದನ್ನು ಮಾತ್ರ ಚೆಕ್ ಮಾಡುತ್ತಾರೆ. ಬಿ.ಎಸ್ಸಿ. ಮಾರ್ಕ್ಸ್ ಕಾರ್ಡ್, ರಿಜಿಸ್ಟರ್ ನಂಬರ್ ಯೂನಿವರ್ಸಿಟಿಗೆ ಹೋಗುತ್ತೆ, ಹೌದು ನಮ್ಮದೇ ಅಂತ ಉತ್ತರ ಬರುತ್ತೆ. ಕೊಡದ ಎಂ.ಎಸ್ಸಿ.ಯನ್ನು ಯಾರೂ ಹುಡುಕಿಕೊಂಡು ಹೋಗಲ್ಲ. ಹಾಗಾಗಿ ಅಲ್ಲೇ ಸಿಕ್ಕಿಬೀಳುತ್ತೀರ ಅಂತ ಹೆದರಿಸಲ್ಲ. ಸಿಕ್ಕಿಬೀಳೋದು ಸಣ್ಣ ಸಣ್ಣ ಕಡೆ. ಟಿಸಿ ಕೇಳಿದರೆ ಏನು ಕೊಡುತ್ತೀರ? ಬಿ.ಎಸ್ಸಿ. ಕಾಲೇಜಿನ ಟಿಸಿ ಎಂ.ಎಸ್ಸಿ.ಗೆ ಸೇರುವಾಗ ಕೊಟ್ಟಾಗಿರುತ್ತೆ, ಈಗ ಕೈಯಲ್ಲಿರೋದು ಎಂ.ಎಸ್ಸಿ.ದು. ನಿಮ್ಮ ಕ್ಲಾಸ್‌ಮೇಟ್ ಒಬ್ಬಳು ಅದೇ ಕಂಪನಿಗೆ ಸೇರಿ, ಕ್ಯಾಂಟೀನ್‌ನಲ್ಲಿ ಎಲ್ಲರೆದುರು "ಏನೇ, ನೀನೂ ಇಲ್ಲೇನಾ?" ಅಂದರೆ ಮುಗೀತು. ಫಾರ್ಮಾ ತುಂಬ ಚಿಕ್ಕ ಊರು.

ನಮ್ಮ ಲೈನ್‌ನಲ್ಲಿ ಇನ್ನೊಂದು ವಿಷಯ ಇದೆ. ಪ್ರತಿಯೊಬ್ಬ ಅನಲಿಸ್ಟ್‌ಗೂ ಒಂದು ಫೈಲ್. ಅದರಲ್ಲಿ ಸಹಿ, ತಾರೀಕು ಹಾಕಿದ ರೆಸ್ಯೂಮ್, ಮಾರ್ಕ್ಸ್ ಕಾರ್ಡ್ ನಕಲು, ಟ್ರೈನಿಂಗ್ ದಾಖಲೆ, ಕಣ್ಣಿನ ಪರೀಕ್ಷೆ ರಿಪೋರ್ಟ್ ಎಲ್ಲ ಇರುತ್ತೆ. ಕೆಲಸ ಮಾಡುವವರಿಗೆ ಅದಕ್ಕೆ ತಕ್ಕ ಓದು, ತರಬೇತಿ, ಅನುಭವ ಇರಬೇಕು ಅನ್ನೋದು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ನಿಯಮದಲ್ಲೇ ಇದೆ, 21 ಸಿಎಫ್‌ಆರ್ 211.25. ಆಡಿಟರ್ ಬಂದರೆ ಲಾಗ್‌ಬುಕ್‌ನಲ್ಲಿ ಯಾವುದೋ ಒಂದು ಸಹಿ ಮೇಲೆ ಬೆರಳಿಟ್ಟು "ಇವರ ಫೈಲ್ ತನ್ನಿ" ಅಂತಾರೆ. ಮೂರು ವರ್ಷ ಆದಮೇಲೆ ಪ್ರಮೋಷನ್‌ಗೆ ಎಂ.ಎಸ್ಸಿ. ಬೇಕಾಗುತ್ತೆ, ಆಗ ನೀವು ಹೊಸ ರೆಸ್ಯೂಮ್ ಕೊಡುತ್ತೀರ. ಅದೇ ಫೈಲ್‌ನಲ್ಲಿ ಎರಡು ರೆಸ್ಯೂಮ್, ಎರಡರಲ್ಲೂ ನಿಮ್ಮದೇ ಸಹಿ. ಒಂದರಲ್ಲಿ 2023ರಲ್ಲಿ ಅಪ್ಪನ ಆರೈಕೆ, ಇನ್ನೊಂದರಲ್ಲಿ ಎಂ.ಎಸ್ಸಿ. ಪ್ರಾಜೆಕ್ಟ್. ನಮ್ಮಲ್ಲಿ ತಪ್ಪು ಬರೆದರೂ ವೈಟ್ನರ್ ಹಚ್ಚುವಂತಿಲ್ಲ. ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ಸಹಿ ತಾರೀಕು ಹಾಕಬೇಕು, ಹಳೆಯದು ಓದೋಕೆ ಬರಬೇಕು. ಇಂಥ ಕಡೆ ಸೇರುವಾಗಲೇ ವೈಟ್ನರ್ ಹಚ್ಚಿಕೊಂಡು ಬಂದರೆ, ಆಮೇಲೆ ನೀವು ಬರೆದ ಒಂದು ರೀಡಿಂಗ್ ಬಗ್ಗೆ ಅನುಮಾನ ಬಂದಾಗ ನಿಮ್ಮ ಪರ ಮಾತಾಡೋಕೆ ನಮಗೇ ಬಾಯಿ ಬರಲ್ಲ.

ಒಂದು ಪ್ರಶ್ನೆ. ಎಚ್‌ಪಿಎಲ್‌ಸಿ (ಸ್ಯಾಂಪಲ್‌ನಲ್ಲಿ ಏನೇನು ಎಷ್ಟಿದೆ ಅಂತ ಬೇರ್ಪಡಿಸಿ ಅಳೆಯೋ ಮಷೀನ್) ಮುಟ್ಟಿದ್ದೀರಾ? ಎಲ್ಲಿ?

ಕೊಬ್ಬರಿಸೀಮೆ:

ಮುಟ್ಟಿದ್ದೇನೆ ಸರ್. ಎಂ.ಎಸ್ಸಿ. ಪ್ರಾಜೆಕ್ಟ್‌ನಲ್ಲಿ. ಬಿ.ಎಸ್ಸಿ.ಯಲ್ಲಿ ಬ್ಯೂರೆಟ್, ಪಿಪೆಟ್, ಸಾಲ್ಟ್ ಅನಾಲಿಸಿಸ್ ಅಷ್ಟೇ. ನಮ್ಮ ಕಾಲೇಜಿನಲ್ಲಿ ಆ ಮಷೀನ್ ಇರಲೇ ಇಲ್ಲ.

ಜಿಗಣಿ ಕ್ಯೂಎ:

ನೋಡಿ, ಅಲ್ಲೇ ಇದೆ. ಎಂ.ಎಸ್ಸಿ. ಅಳಿಸಿದರೆ ಎಚ್‌ಪಿಎಲ್‌ಸಿಯೂ ಹೋಯಿತು. ರೆಸ್ಯೂಮ್‌ನಲ್ಲಿ ಅದನ್ನು ಉಳಿಸಿಕೊಂಡರೆ ಲ್ಯಾಬ್ ಹೆಡ್ ಕೇಳೋ ಮೊದಲ ಪ್ರಶ್ನೆಯೇ "ಎಲ್ಲಿ ಕಲಿತಿರಿ?" ಅಂತ. ನಿಮ್ಮ ಹತ್ತಿರ ಇರೋ ಒಂದೇ ಬಂಡವಾಳವನ್ನು ಮುಚ್ಚಿಡೋಕೆ ಹೊರಟಿದ್ದೀರ. ಸರ್ ಅಲ್ಲ, ಮೇಡಂ. ಅಕ್ಕ ಅಂದರೂ ಸಾಕು.

ಬ್ಯಾಂಕ್ ಕಾಲೋನಿ ರಾಯರು:

ನಾನು ಬ್ಯಾಂಕಿನಲ್ಲಿದ್ದು ರಿಟೈರ್ ಆದವನು. ಇದೇ ಥರದ ಒಂದು ಕೇಸು ಸುಪ್ರೀಂ ಕೋರ್ಟ್ ತನಕ ಹೋಗಿತ್ತು. ಪಂಜಾಬ್ ನ್ಯಾಷನಲ್ ಬ್ಯಾಂಕ್, ಒಡಿಶಾ ಕಡೆ ಪ್ಯೂನ್ ಕೆಲಸ. ಪಿಯುಸಿ ಮಟ್ಟದ ಓದು ಇರಬೇಕು, 2016ರ ಜನವರಿ 1ಕ್ಕೆ ಪದವೀಧರ ಆಗಿರಬಾರದು ಅಂತ ಜಾಹೀರಾತಿನಲ್ಲೇ ಇತ್ತು. ಸೇರಿದವನು 2014ರಲ್ಲೇ ಡಿಗ್ರಿ ಮುಗಿಸಿದ್ದ. ಅರ್ಜಿಯಲ್ಲಿ ಬರೀ ಪ್ಲಸ್ ಟೂ ತೋರಿಸಿದ್ದ. ಗೊತ್ತಾಗಿ ಬ್ಯಾಂಕ್ ತೆಗೆಯಿತು. ಹೈಕೋರ್ಟ್ ಅವನ ಕಡೆ ತೀರ್ಪು ಕೊಟ್ಟಿತು. 2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ನಿಯಮ ಸರಿಯಿಲ್ಲ ಅನಿಸಿದ್ದರೆ ಮೊದಲೇ ಪ್ರಶ್ನೆ ಮಾಡಬೇಕಿತ್ತು, ಒಪ್ಪಿಕೊಂಡು ಅರ್ಜಿ ಹಾಕಿ ಡಿಗ್ರಿ ಮುಚ್ಚಿಟ್ಟವನು ಕೆಲಸದಲ್ಲಿ ಮುಂದುವರಿಯುವ ಹಕ್ಕು ಕೇಳುವಂತಿಲ್ಲ ಅಂತ.

ನಿಮ್ಮದು ಖಾಸಗಿ ಕಂಪನಿ. ಎಂ.ಎಸ್ಸಿ. ಆದವರು ಬರಬಾರದು ಅಂತ ಅವರ ಜಾಹೀರಾತಿನಲ್ಲಿ ಇಲ್ಲ ತಾನೆ? ಹಾಗಿದ್ದರೆ ಅದೂ ಇದೂ ಒಂದೇ ಅಲ್ಲ. ಆದರೆ ಬ್ಯಾಂಕು, ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕುವಾಗ ಈ ಆಟ ಆಡಬೇಡಿ ಮಗಳೇ. ಬಾಯ್ ಅವರ ರೂಮ್‌ಮೇಟ್‌ಗೂ ಹೇಳಿ.

ಇಲ್ಲದ ಡಿಗ್ರಿ ಹಾಕೋರ ಬಗ್ಗೆ ನೀವೇ ಬರೆದಿದ್ದೀರ. ಸರ್ಟಿಫಿಕೇಟನ್ನೇ ಮಾಡಿಸಿಕೊಂಡು ಬಂದರೆ ಅದು ಫೋರ್ಜರಿ. 2024ರ ಜುಲೈ 1ರಿಂದ ಬಂದಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಮೋಸಕ್ಕಾಗಿ ನಕಲಿ ದಾಖಲೆ ಮಾಡಿದರೆ 7 ವರ್ಷದ ತನಕ ಜೈಲು. ನಿಮ್ಮದು ಅಲ್ಲಿಗೆ ಹೋಗೋ ವಿಷಯ ಅಲ್ಲ.

ಬನಶಂಕರಿ ಬಾಯ್:

ರಾಯರೇ, ಅವನದು ಆಟೋ ಪಾರ್ಟ್ಸ್ ಫ್ಯಾಕ್ಟರಿ, ಬ್ಯಾಂಕ್ ಅಲ್ಲ. ಆದರೂ ಹೇಳ್ತೀನಿ. ಕ್ಯೂಎ ಅಕ್ಕ ಹೇಳಿದ್ದೆಲ್ಲ ಸರಿ ಇರಬಹುದು, ಆದರೆ ಎಂ.ಎಸ್ಸಿ. ಹಾಕಿದರೆ ಕರೆಯೋದೇ ಇಲ್ಲ ಅಂತ ಅವರು ಹೇಳ್ತಿದ್ದಾರಲ್ಲ, ಅದಕ್ಕೇನು ಮಾಡೋದು? ಫೈಲು, ಆಡಿಟ್ ಎಲ್ಲ ಕೆಲಸ ಸಿಕ್ಕ ಮೇಲಿನ ಮಾತು.

ಜಿಗಣಿ ಕ್ಯೂಎ:

ನ್ಯಾಯವಾದ ಪ್ರಶ್ನೆ. ಎಚ್‌ಆರ್‌ಗೆ ಎಂ.ಎಸ್ಸಿ. ಕಂಡರೆ ಆಗಲ್ಲ ಅಂತಲ್ಲ. ಮೂರು ತಿಂಗಳು ಕಲಿಸಿದ ಮೇಲೆ ಹುಡುಗಿ ಬಿಟ್ಟುಹೋಗುತ್ತಾಳೆ ಅನ್ನೋ ಭಯ. ಆ ಭಯಕ್ಕೇ ಉತ್ತರ ಕೊಡಿ.

ರೆಸ್ಯೂಮ್ ಮೇಲಿರೋ ಆ "ಆಬ್ಜೆಕ್ಟಿವ್" ಪ್ಯಾರಾ ಕಿತ್ತುಹಾಕಿ. ಅದನ್ನು ಯಾರೂ ಓದಲ್ಲ, ನಾನಂತೂ ಓದಲ್ಲ. ಅಲ್ಲಿ ಕೈಯಲ್ಲಿ ಬರೋ ಕೆಲಸ ಬರೆಯಿರಿ: ಟೈಟ್ರೇಶನ್, ಪಿಎಚ್ ಮೀಟರ್, ಯುವಿ, ಎಚ್‌ಪಿಎಲ್‌ಸಿ. ಎಚ್‌ಪಿಎಲ್‌ಸಿಯಲ್ಲಿ ಮೊಬೈಲ್ ಫೇಸ್, ಅಂದರೆ ಮಷೀನ್ ಒಳಗೆ ಹರಿಸೋ ದ್ರಾವಣ, ನೀವೇ ಮಾಡಿದ್ದೀರಾ, ಇಲ್ಲಾ ಯಾರೋ ಮಾಡಿಕೊಟ್ಟಿದ್ದಾ, ಅದನ್ನೂ ಬರೆಯಿರಿ. ಬರೀ ನೋಡಿದ್ದರೆ ನೋಡಿದ್ದೇನೆ ಅಂತಲೇ ಬರೆಯಿರಿ. ಅದರ ಕೆಳಗೆ ಓದು. ಎಂ.ಎಸ್ಸಿ. ಒಂದೇ ಸಾಲು, ದಪ್ಪ ಅಕ್ಷರ ಬೇಡ. ಪಿಯು ಕಾಲೇಜು ಇನ್ನೊಂದು ಸಾಲು. ಅದೂ ಕೆಲಸವೇ, ನಾಚಿಕೆ ಯಾಕೆ? ದಿನಾ ಪ್ರಾಕ್ಟಿಕಲ್ ರೆಕಾರ್ಡ್ ತಿದ್ದಿದವರು ಲ್ಯಾಬ್ ನೋಟ್‌ಬುಕ್ ನೀಟಾಗಿ ಬರೆಯುತ್ತಾರೆ, ಇದು ನಾನು ಕಣ್ಣಾರೆ ನೋಡಿದ್ದು.

ಕೊನೆಯಲ್ಲಿ "ಟ್ರೈನಿ ಹುದ್ದೆಗೂ, ಬಿ.ಎಸ್ಸಿ. ಮಟ್ಟದ ಸಂಬಳಕ್ಕೂ ಒಪ್ಪಿಗೆ ಇದೆ, ಶಿಫ್ಟ್ ಆದರೂ ಸರಿ" ಅಂತ ಹಾಕಿ. ನಿಜವಾಗಲೂ ಒಪ್ಪಿಗೆ ಇದ್ದರೆ ಮಾತ್ರ. ಬಿ.ಎಡ್. ಪ್ರಶ್ನೆ ಬಂದರೆ ಬರೀ "ಇಲ್ಲ ಮೇಡಂ" ಅಂತ ನಿಲ್ಲಿಸಬೇಡಿ. "ಪಾಠ ಮಾಡಿ ನೋಡಿದೆ, ಅದನ್ನು ಬಿಟ್ಟೇ ಬಂದಿದ್ದೇನೆ" ಅನ್ನಿ. ನಿಮ್ಮ ಹತ್ತಿರ ಅದಕ್ಕೆ ಸಾಕ್ಷಿಯೇ ಇದೆ. ಕನ್ಸಲ್ಟೆನ್ಸಿಯವನು ಅದನ್ನೂ ಅಳಿಸಿದ, ಪುಣ್ಯಾತ್ಮ!

ಎಲ್ಲರೂ ಕರೆಯುತ್ತಾರೆ ಅಂತ ಹೇಳಲ್ಲ. ಕೆಲವರು ಎಂ.ಎಸ್ಸಿ. ನೋಡಿದ ತಕ್ಷಣ ಪಕ್ಕಕ್ಕಿಡುತ್ತಾರೆ, ಅದು ನಿಜ. ಕಾಂಟ್ರ್ಯಾಕ್ಟ್ ಲ್ಯಾಬ್‌ಗಳನ್ನೂ ನೋಡಿ, ಬೇರೆ ಕಂಪನಿಗಳ ಸ್ಯಾಂಪಲ್ ಟೆಸ್ಟ್ ಮಾಡಿಕೊಡೋರು. ಅಲ್ಲಿ ಕೆಲಸ ಜಾಸ್ತಿ, ಸಂಬಳ ಕಮ್ಮಿ, ಆದರೆ ಎಂ.ಎಸ್ಸಿ. ಅಂದರೆ ಮೂಗು ಮುರಿಯಲ್ಲ. ವರ್ಷದಲ್ಲಿ ಕೈ ಚೆನ್ನಾಗಿ ಕುದುರುತ್ತೆ.

ಕೊಬ್ಬರಿಸೀಮೆ:

ಥ್ಯಾಂಕ್ಸ್ ಅಕ್ಕ. ಮೊಬೈಲ್ ಫೇಸ್ ನಾನೇ ಮಾಡಿದ್ದು, ಫಿಲ್ಟರ್ ಮಾಡಿ, ಸೋನಿಕೇಟರ್‌ನಲ್ಲಿ ಇಟ್ಟು. ಮಷೀನ್ ಆನ್ ಮಾಡೋಕೆ ಮಾತ್ರ ರಿಸರ್ಚ್ ಸ್ಕಾಲರ್ ಬಿಡುತ್ತಿರಲಿಲ್ಲ. ಹಾಗೇ ಬರೆಯುತ್ತೇನೆ.

ರಾತ್ರಿ ಊಟ ಮಾಡುವಾಗ ಅಪ್ಪನಿಗೆ ಫೋನ್‌ನಲ್ಲಿ ಹೇಳಿದೆ, ನಿಮಗೆ ಕಾಯಿಲೆ ಅಂತ ಬರೆದಿದ್ದಾರೆ ಅಂತ. "ಯಾವ ಕಾಯಿಲೆ ಅಂತೆ?" ಅಂದರು. ಅವನು ಅದನ್ನು ಬರೆದಿಲ್ಲ ಅಂದೆ. ಕನ್ಸಲ್ಟೆನ್ಸಿಯವನಿಗೆ ಬೇಡ ಅಂತ ಮೆಸೇಜ್ ಹಾಕಿದ್ದೇನೆ, ಇನ್ನೂ ಉತ್ತರ ಇಲ್ಲ. ಅವನ ಹತ್ತಿರ ನನ್ನ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇದೆ. ವೆರಿಫೈ ಮಾಡೋಕೆ ಬೇಕು ಅಂತ ಇಟ್ಟುಕೊಂಡಿದ್ದ.

ಬ್ಯಾಂಕ್ ಕಾಲೋನಿ ರಾಯರು:

ಅಯ್ಯೋ, ಇದನ್ನು ಮೊದಲೇ ಹೇಳಬೇಕಿತ್ತಲ್ಲಮ್ಮ! ರೆಸ್ಯೂಮ್ ಆಮೇಲೆ ಬರೆಯಿರಿ. ನಾಳೆ ಬೆಳಿಗ್ಗೆಯೇ ಹೋಗಿ ಒರಿಜಿನಲ್ ಈಸಿಕೊಂಡು ಬನ್ನಿ. ಒಬ್ಬರೇ ಹೋಗಬೇಡಿ, ಪಿಜಿಯಿಂದ ಯಾರನ್ನಾದರೂ ಕರೆದುಕೊಂಡು ಹೋಗಿ. ದುಡ್ಡು ಕೊಟ್ಟರೆ ಕೊಡ್ತೀನಿ ಅಂದರೆ ಹತ್ತಿರದ ಠಾಣೆಗೆ ದೂರು ಕೊಡುತ್ತೇನೆ ಅನ್ನಿ, ಅನ್ನೋದಷ್ಟೇ ಅಲ್ಲ, ಕೊಡಿ. ವೆರಿಫೈ ಮಾಡೋಕೆ ಜೆರಾಕ್ಸ್ ಸಾಕು, ಎದುರಿಗೇ ಒರಿಜಿನಲ್ ತೋರಿಸಿ ವಾಪಸ್ ಚೀಲಕ್ಕೆ ಹಾಕಿಕೊಳ್ಳಬೇಕು.

ಬನಶಂಕರಿ ಬಾಯ್:

ನಾನು ನಾಳೆ ಎಲೆಕ್ಟ್ರಾನಿಕ್ ಸಿಟಿ ಕಡೆಗೇ ಬರ್ತೀನಿ. ಜೊತೆಗೆ ಯಾರೂ ಸಿಗದಿದ್ದರೆ ಮೆಸೇಜ್ ಹಾಕಿ, ನಾನೂ ನನ್ನ ಅಕ್ಕನೂ ಬರ್ತೀವಿ. ಅಕ್ಕನ ಗಂಟಲು ಜೋರಿದೆ.