ಸಹಿ ಹಾಕುವವರ ಮುಂದೆಯೇ ಸಂಶಯ ಹೇಳಿಕೊಳ್ಳುವುದೇ?

ಅರೆಸೀಮೆಸುಣ್ಣ ಕೇಳಿದ್ದು:

ಪಾಠ ಮಾಡಲು ಶುರು ಮಾಡಿ ಏಳು ತಿಂಗಳಾಯಿತು. ಆರನೆಯ ತರಗತಿ, ಗಣಿತ. ಕೈಯಲ್ಲಿರುವುದು ಮೊದಲ ಹಂತದ ತಾತ್ಕಾಲಿಕ ಪರವಾನಗಿ. ಅದರ ಅವಧಿ ಮುಗಿಯುವುದರೊಳಗೆ ಎರಡನೆಯ ಹಂತಕ್ಕೆ ಏರಬೇಕು, ಏರದಿದ್ದರೆ ಬೇರೆ ಕೆಲಸ ಹುಡುಕಿಕೊಳ್ಳಬೇಕು. ಏರುವುದಕ್ಕೆ ಒಂದು ಕಡತ ಸಿದ್ಧಪಡಿಸಬೇಕು. ಅದರೊಳಗೆ ಪಾಠ ಯೋಜನೆ, ಮಕ್ಕಳ ಬರಹದ ಮಾದರಿ, ಇವೆಲ್ಲದರ ಮೇಲೆ ನನ್ನ ಮಾರ್ಗದರ್ಶಕಿಯ ಸಹಿಯುಳ್ಳ ವರದಿ. ನನಗೆ ಕಲಿಸಿಕೊಡಬೇಕಾದವರೂ ಅವರೇ, ನನ್ನನ್ನು ಅಳೆದು ಷರಾ ಬರೆಯಬೇಕಾದವರೂ ಅವರೇ.

ಕಳೆದ ಮಂಗಳವಾರ ಮೂರನೆಯ ಪೀರಿಯಡ್‌ನಲ್ಲಿ ಭಿನ್ನರಾಶಿಗಳ ಸಂಕಲನ ನಡೆಯುತ್ತಿತ್ತು. ಮಾರ್ಗದರ್ಶಕಿ ಕೊನೆಯ ಸಾಲಿನ ಪುಟ್ಟ ಬೆಂಚಿನಲ್ಲಿ ಮೊಣಕಾಲು ಮಡಚಿಕೊಂಡು ಕುಳಿತಿದ್ದರು, ತೊಡೆಯ ಮೇಲೆ ವೀಕ್ಷಣಾ ನಮೂನೆ. 2/3 + 1/4 ಎಂದು ಹಲಗೆಯ ಮೇಲೆ ಬರೆದೆ. ಒಬ್ಬ ಹುಡುಗ ಎದ್ದು ನಿಂತು 3/7 ಎಂದ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿದ್ದಾನೆ. ಇದು ಎಲ್ಲ ಮಕ್ಕಳೂ ಮಾಡುವ ತಪ್ಪು, ನಾನು ಕಾಯುತ್ತಲೇ ಇದ್ದೆ. "ತಪ್ಪು, ಮೊದಲು ಛೇದ ಸಮ ಮಾಡಿಕೊಳ್ಳಬೇಕು" ಎಂದೆ. ಅವನು ಕುಳಿತುಕೊಳ್ಳಲಿಲ್ಲ. "ಮೊದಲನೆಯ ಕಿರುಪರೀಕ್ಷೆಯಲ್ಲಿ ನನಗೆ ಮೂರಕ್ಕೆ ಎರಡು, ಎರಡನೆಯದರಲ್ಲಿ ನಾಲ್ಕಕ್ಕೆ ಒಂದು. ನೀವೇ ಕೂಡಿ ಏಳಕ್ಕೆ ಮೂರು ಎಂದು ಹಾಕಿದ್ದೀರಿ" ಎಂದು ಪುಸ್ತಕ ತೆರೆದು ತೋರಿಸಿದ. ನನ್ನದೇ ಕೈಬರಹ, ಕೆಂಪು ಶಾಯಿ.

ನಾಲಿಗೆ ಒಣಗಿತು. "ಅದು ಬೇರೆ, ಇದು ಬೇರೆ" ಎಂದು ಮುಂದಿನ ಲೆಕ್ಕಕ್ಕೆ ಹಾರಿದೆ. ಹೇಗೆ ಬೇರೆ ಎಂದು ಅವನು ಕೇಳಿದ್ದರೆ ನನ್ನ ಬಳಿ ಉತ್ತರವಿರಲಿಲ್ಲ. ಅವನು ಕೇಳಲಿಲ್ಲ, ಪುಸ್ತಕ ಮುಚ್ಚಿ ಕುಳಿತ. ನನಗೆ ಹೆಚ್ಚು ಚುಚ್ಚಿದ್ದು ಅದು.

ಸಂಜೆ ನಮೂನೆ ಕೈಗೆ ಬಂತು. ಹಲಗೆಯ ಬಳಕೆ ಉತ್ತಮ, ಧ್ವನಿ ಸ್ಪಷ್ಟ, ಸಮಯ ಪಾಲನೆ ತೃಪ್ತಿಕರ. ಆ ಹುಡುಗನ ಬಗ್ಗೆ ಒಂದಕ್ಷರವಿಲ್ಲ. "ಏನಾದರೂ ಕೇಳುವುದಿದೆಯೇ?" ಎಂದರು. ಇಲ್ಲ ಎಂದೆ.

ಈಗ ಕೇಳುವುದು ಇಷ್ಟು: ನನಗೆ ಗೊತ್ತಾಗಲಿಲ್ಲ ಎಂದು ಅವರ ಬಳಿ ಹೇಳಿಕೊಳ್ಳಬಹುದೇ, ಅಥವಾ ಅದು ನಾನೇ ನನ್ನ ಮೇಲೆ ಬರೆದುಕೊಟ್ಟ ದೂರಾಗುತ್ತದೆಯೇ? ಕಲಿಸುವವರು ಒಬ್ಬರು, ಅಳೆಯುವವರು ಇನ್ನೊಬ್ಬರು ಎಂಬ ಏರ್ಪಾಡು ಎಲ್ಲಿಯಾದರೂ ಇದೆಯೇ? ಆ ಹುಡುಗನಿಗೆ ಏನು ಹೇಳಲಿ ಎಂದು ಯಾರಾದರೂ ತಿಳಿಸಿದರೆ ಅದು ಎಲ್ಲಕ್ಕಿಂತ ದೊಡ್ಡ ಉಪಕಾರ.

ಮೂಲೆಯಬೀರು ಬರೆದದ್ದು:

ಕಾಗದ ಕೈಗೆ ಬರುವವರೆಗೆ ಬಾಯಿ ಬಿಡಬೇಡಿ. ಕಟುವಾಗಿ ಕೇಳಿಸಬಹುದು, ಆದರೆ ನಾನು ಬಾಯಿ ಬಿಟ್ಟು ಅನುಭವಿಸಿದವನು. ಎರಡನೆಯ ತಿಂಗಳಲ್ಲಿ ತರಗತಿಯ ಗಲಾಟೆ ಹಿಡಿತಕ್ಕೆ ಸಿಗುತ್ತಿಲ್ಲ ಎಂದು ಮಾರ್ಗದರ್ಶಕರ ಬಳಿ ಮನಸ್ಸು ಬಿಚ್ಚಿ ಹೇಳಿದೆ. ಅವರು ತಲೆದೂಗಿದರು, ಬೆನ್ನು ತಟ್ಟಿದರು. ವರ್ಷಾಂತ್ಯದ ವರದಿಯಲ್ಲಿ "ತರಗತಿ ನಿರ್ವಹಣೆಯಲ್ಲಿ ತೊಂದರೆ ಇದೆ ಎಂದು ಸ್ವತಃ ಒಪ್ಪಿಕೊಂಡಿದ್ದಾರೆ" ಎಂಬ ಸಾಲು ಇತ್ತು. ಅಷ್ಟರಲ್ಲಿ ಆ ತೊಂದರೆ ಮುಗಿದು ನಾಲ್ಕು ತಿಂಗಳಾಗಿತ್ತು. ಗಣಿತದ ಸಂಶಯವನ್ನು ಇಲ್ಲಿ ಕೇಳಿ, ಇಲ್ಲಿ ಯಾರೂ ನಿಮಗೆ ಅಂಕ ಹಾಕುವುದಿಲ್ಲ.

ಹಳೆಯಹಾಜರಿಪುಸ್ತಕ ಬರೆದದ್ದು:

ಮೊದಲು ಹುಡುಗನ ವಿಷಯ, ಅದು ಕಾಯುವಂಥದ್ದಲ್ಲ. ಅವನು ಹೇಳಿದ್ದು ಮೂರ್ಖತನವಲ್ಲ, ಅಂಕಗಳ ಲೆಕ್ಕದಲ್ಲಿ ಏಳಕ್ಕೆ ಮೂರು ಸರಿಯೇ. ಅಲ್ಲಿ ಮೂರು ಅಂಕಗಳ ಒಂದು ಇಡಿ, ನಾಲ್ಕು ಅಂಕಗಳ ಇನ್ನೊಂದು ಇಡಿ. ಎರಡನ್ನೂ ಸೇರಿಸಿ ಏಳರ ಹೊಸ ಇಡಿಯನ್ನು ಮಾಡಿಕೊಂಡಿದ್ದೀರಿ. ಹಲಗೆಯ ಮೇಲಿನ ಲೆಕ್ಕದಲ್ಲಿ ಇಡಿ ಬದಲಾಗುವುದಿಲ್ಲ, ಎರಡೂ ತುಂಡುಗಳು ಒಂದೇ ಅಳತೆಯ ಇಡಿಯಿಂದ ಬಂದವು. ಇದನ್ನು ಬಾಯಲ್ಲಿ ಹೇಳಬೇಡಿ. ಒಂದೇ ಉದ್ದದ ಎರಡು ಕಾಗದದ ಪಟ್ಟಿ ಕೊಡಿ, ಒಂದನ್ನು ಮೂರಾಗಿ, ಇನ್ನೊಂದನ್ನು ನಾಲ್ಕಾಗಿ ಮಡಿಸಲಿ. 3/7 ಎಂಬುದು 2/3ಕ್ಕಿಂತ ದೊಡ್ಡದೋ ಚಿಕ್ಕದೋ ನೋಡು ಎನ್ನಿ. ಅದು ಅರ್ಧಕ್ಕಿಂತ ಕಡಿಮೆ, 2/3 ಅರ್ಧಕ್ಕಿಂತ ಹೆಚ್ಚು. ಕೂಡಿದ ಮೇಲೆ ಕಡಿಮೆಯಾಯಿತು ಎಂದರೆ ಅವನೇ ತಲೆ ಕೆರೆದುಕೊಳ್ಳುತ್ತಾನೆ. 11/12 ಆಮೇಲೆ ಬರಲಿ, ಅವಸರವಿಲ್ಲ.

ಇನ್ನು ಸಹಿಯ ವಿಷಯ. ನಾನು ಒಂಬತ್ತು ವರ್ಷ ಮಾರ್ಗದರ್ಶಕನಾಗಿದ್ದೆ, ಹಾಗಾಗಿ ಬೆಂಚಿನ ಆ ಕಡೆಯಿಂದ ಹೇಳುತ್ತೇನೆ. ನಿಮ್ಮ ಮಾರ್ಗದರ್ಶಕಿ ಹಲಗೆಯ ಬಳಕೆ ಉತ್ತಮ ಎಂದು ಬರೆದದ್ದು ಕುರುಡುತನದಿಂದ ಎಂದು ತಿಳಿಯಬೇಡಿ. ನಮೂನೆಯಲ್ಲಿ ಬರೆದದ್ದೆಲ್ಲ ಕಡತಕ್ಕೆ ಹೋಗುತ್ತದೆ ಎಂದು ಗೊತ್ತಿದ್ದಾಗ ಕೈ ತಾನಾಗಿ ಹಲಗೆ, ಧ್ವನಿ, ಸಮಯದ ಕಡೆಗೆ ತಿರುಗುತ್ತದೆ. ನಾನೂ ಹಾಗೆ ಬರೆದವನೇ. ನನ್ನ ಮೂರನೆಯ ವರ್ಷದಲ್ಲಿ ಒಬ್ಬ ಹುಡುಗ ಬಂದಿದ್ದ, ವಿಜ್ಞಾನ ಶಿಕ್ಷಕ. ಮಕ್ಕಳು ಪ್ರಶ್ನೆ ಕೇಳಿದರೆ ಬೆವರುತ್ತಿದ್ದ, ಪಠ್ಯಪುಸ್ತಕವನ್ನು ಗಟ್ಟಿಯಾಗಿ ಓದಿ ಗಂಟೆ ಕಳೆಯುತ್ತಿದ್ದ. ನಿಜ ಬರೆದರೆ ಅವನ ಪರವಾನಗಿ ಹೋಗುತ್ತದೆ ಎಂದು ಎಲ್ಲ ಕಲಮಿನಲ್ಲೂ ತೃಪ್ತಿಕರ ಎಂದು ಬರೆದೆ. ಅವನು ಎರಡನೆಯ ಹಂತಕ್ಕೆ ಏರಿದ, ಮರು ವರ್ಷ ಕೆಲಸ ಬಿಟ್ಟ. ಬಿಡುವ ದಿನ "ನೀವಾದರೂ ಹೇಳಬಹುದಿತ್ತು" ಎಂದ. ಅವನಿಗೆ ನಾನು ದಯೆ ತೋರಿಸಿದೆನೋ, ನನ್ನ ಕೆಲಸ ತಪ್ಪಿಸಿಕೊಂಡೆನೋ ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ.

ಬೇರೆ ಮಾಡಿರುವ ಕಡೆಗಳು ಖಂಡಿತ ಇವೆ. ಇಂಗ್ಲೆಂಡ್‌ನಲ್ಲಿ 2021ರ ಸೆಪ್ಟೆಂಬರ್‌ನಿಂದ ಹೊಸ ಶಿಕ್ಷಕರಿಗೆ ಎರಡು ವರ್ಷದ ಆರಂಭಿಕ ಅವಧಿ. ಅಲ್ಲಿ ಮಾರ್ಗದರ್ಶಕರು ಒಬ್ಬರು, ಪ್ರಗತಿಯನ್ನು ಪರಿಶೀಲಿಸಿ ಮೌಲ್ಯಮಾಪನ ಮಾಡುವವರು ಇನ್ನೊಬ್ಬರು ಎಂದು ಹುದ್ದೆಗಳನ್ನೇ ಬೇರ್ಪಡಿಸಿದ್ದಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಇನ್ನೊಂದು: ಮೊದಲ ವರ್ಷ ಪಾಠದ ಹೊರೆಯಲ್ಲಿ ಶೇ. 10, ಎರಡನೆಯ ವರ್ಷ ಶೇ. 5 ಕಡಿತ. ಬಿಡುವಿನ ಸಮಯವನ್ನೇ ಕೊಡದೆ ನಡೆಸುವ ಮಾರ್ಗದರ್ಶನ ಎಂದರೆ ಮೆಟ್ಟಿಲ ಮೇಲೆ ಎದುರಾದಾಗ "ಎಲ್ಲ ಸರಿ ಇದೆಯಲ್ಲ?" ಎಂದು ಕೇಳುವುದು, ಅಷ್ಟೇ.

ಹಂತಗಳ ಪರವಾನಗಿಗೆ ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯ ಹಳೆಯ ಉದಾಹರಣೆ. 2003ರ ಕಾನೂನಿನಲ್ಲಿ ಮೂರು ಹಂತ ಮಾಡಿದರು, ಮೊದಲ ಹಂತಕ್ಕೆ ಐದು ವರ್ಷ, ನವೀಕರಣವಿಲ್ಲ. ಎರಡನೆಯ ಹಂತಕ್ಕೆ ಕಡತ ಕೊಡಬೇಕಿತ್ತು, ನಿಮ್ಮ ಹಾಗೆಯೇ. ಆದರೆ ಪಾಠದ ಭಾಗವನ್ನು ಓದುತ್ತಿದ್ದವರು ಹೊರಗಿನ ಇಬ್ಬರು ತರಬೇತಿ ಪಡೆದ ಪರಿಶೀಲಕರು. ಹೀಗಾದಾಗ ಪಕ್ಕದ ಕೊಠಡಿಯ ಹಿರಿಯರಿಗೆ ತಪ್ಪು ತೋರಿಸಲು ಹೆದರಬೇಕಾಗಿಲ್ಲ.

ಇನ್ನು ತದ್ವಿರುದ್ಧದ ಉದಾಹರಣೆಯನ್ನೂ ಹೇಳಿಬಿಡುತ್ತೇನೆ, ಮುಚ್ಚಿಟ್ಟರೆ ಮೋಸವಾಗುತ್ತದೆ. ಅಮೆರಿಕದ ಒಹಾಯೊ ರಾಜ್ಯದ ಟೊಲೆಡೊ ನಗರದಲ್ಲಿ 1981ರಿಂದ ಹೊಸಬರಿಗೆ ನೆರವಾಗುವ ಅನುಭವಿ ಶಿಕ್ಷಕರೇ ಅವರ ಮೌಲ್ಯಮಾಪನವನ್ನೂ ಮಾಡುತ್ತಾರೆ. ಅಲ್ಲಿ ಅದು ಗಟ್ಟಿಯಾಗಿ ಉಳಿದುಕೊಂಡಿದೆ. ಏಕೆಂದರೆ ಅವರನ್ನು ತರಗತಿಯಿಂದ ಪೂರ್ತಿ ಬಿಡುಗಡೆ ಮಾಡಿರುತ್ತಾರೆ, ಮತ್ತು ಅವರ ಮಾತೇ ಕೊನೆಯದಲ್ಲ, ಶಿಕ್ಷಕರ ಸಂಘ ಮತ್ತು ಆಡಳಿತ ಎರಡೂ ಕಡೆಯವರಿರುವ ಸಮಿತಿಯ ಮುಂದೆ ವರದಿ ಇಡಬೇಕು. ವಾರವಾರವೂ ಬಂದು ಕುಳಿತುಕೊಳ್ಳುವವರು ಅಳೆದರೆ ಸಹಿಸಬಹುದು. ವರ್ಷಕ್ಕೆ ಮೂರು ಸಲ ಬರುವವರು ಅಳೆಯುವುದೇ ಸಂಕಟ.

ನಿಮ್ಮ ಪ್ರಶ್ನೆಗೆ ನೇರ ಉತ್ತರ: ಹೇಳಿಕೊಳ್ಳಿ, ಆದರೆ ನಮೂನೆ ಮೇಜಿನ ಮೇಲೆ ಇರುವಾಗ ಬೇಡ. "ನನ್ನ ಪಾಠ ಹೇಗಿತ್ತು?" ಎಂದು ಕೇಳಿದರೆ ತೀರ್ಪು ಬರುತ್ತದೆ. "ಈ ಹುಡುಗನಿಗೆ ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?" ಎಂದು ಕೇಳಿ, ಪಾಠ ಬರುತ್ತದೆ. ಮೂಲೆಯಬೀರು ಅವರಿಗೆ ಆದದ್ದು ಅನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೂರು ವರ್ಷ ಬಾಯಿ ಮುಚ್ಚಿಕೊಂಡು ಕಲಿತವರನ್ನೂ ನಾನು ನೋಡಿದ್ದೇನೆ. ಆಮೇಲೆ ಅವರ ಬಾಯಿ ತೆರೆಯುವುದೇ ಇಲ್ಲ.

ಎರಡನೆಯಗಂಟೆ ಬರೆದದ್ದು:

ಹಾಜರಿಪುಸ್ತಕದವರ ಮಾತಿಗೆ ನನ್ನ ಒಂದು ತಕರಾರು. ಹೊರಗಿನ ಪರಿಶೀಲಕರು ಓದುವುದು ಕಡತವನ್ನು, ತರಗತಿಯನ್ನಲ್ಲ. ಚೆನ್ನಾಗಿ ಬರೆಯುವವರು ಏರುತ್ತಾರೆ. ನಾನು ಎರಡನೆಯ ಹಂತಕ್ಕೆ ಏರಿದ್ದು ಹಾಗೆಯೇ, ನಾಚಿಕೆಯಿಲ್ಲದೆ ಹೇಳುತ್ತೇನೆ. ಕಡತದಲ್ಲಿಟ್ಟ ಪಾಠವನ್ನು ಎರಡು ವಿಭಾಗಗಳಲ್ಲಿ ಮಾಡಿದ್ದೆ. ಒಂದರಲ್ಲಿ ನೆಲಕಚ್ಚಿತು, ಇನ್ನೊಂದರಲ್ಲಿ ಹೊಳೆಯಿತು. ಯಾವುದರ ಬರಹದ ಮಾದರಿಗಳನ್ನು ಇಟ್ಟಿರಬಹುದು, ಹೇಳಿ. ನೆಲಕಚ್ಚಿದ್ದು ಏಕೆ ಎಂಬುದನ್ನು ಬರೆದಿದ್ದರೆ ಅದೇ ಒಳ್ಳೆಯ ಕಡತವಾಗುತ್ತಿತ್ತು, ಆದರೆ ಆ ಧೈರ್ಯ ಬರಲಿಲ್ಲ.

ಹಂತಗಳು ಬೇಡವೆಂದಲ್ಲ. ನ್ಯೂ ಮೆಕ್ಸಿಕೊದಲ್ಲಿ ಹಂತಕ್ಕೆ ತಕ್ಕ ಕನಿಷ್ಠ ಸಂಬಳವನ್ನೂ ಕಾನೂನಿನಲ್ಲೇ ಕಟ್ಟಿದ್ದರು ಎಂಬುದನ್ನು ಅವರು ಬಿಟ್ಟರು. ಮೊದಲು 30, 40, 50 ಸಾವಿರ ಡಾಲರ್. 2022ರಲ್ಲಿ ಅದು 50, 60, 70 ಸಾವಿರವಾಯಿತು. ತರಗತಿ ಬಿಟ್ಟು ಮುಖ್ಯಶಿಕ್ಷಕನ ಕುರ್ಚಿಗೆ ಹೋಗದೆಯೂ ಮೇಲೇರಬಹುದು ಎಂಬುದು ದೊಡ್ಡ ಮಾತು. ಸಂಬಳವೂ ಇಲ್ಲದೆ, ಬಿಡುವೂ ಇಲ್ಲದೆ ಹಂತದ ಹೆಸರು ಮಾತ್ರ ಬದಲಾದರೆ ಅದು ಇನ್ನೊಂದು ಅರ್ಜಿ. ಜಪಾನ್ 2009ರಲ್ಲಿ ಹತ್ತು ವರ್ಷಕ್ಕೊಮ್ಮೆ ಶಿಕ್ಷಕರ ಪರವಾನಗಿ ನವೀಕರಿಸಬೇಕು ಎಂಬ ನಿಯಮ ತಂದು, ಶಿಕ್ಷಕರಿಗೆ ಹೊರೆಯಾಯಿತೆಂದು 2022ರಲ್ಲಿ ಕೈಬಿಟ್ಟಿತು. ಆದರೆ ಹೊಸಬರಿಗೆ ಮೊದಲ ವರ್ಷ ಕೊಡುವ ಕಡ್ಡಾಯ ತರಬೇತಿಯನ್ನು ಬಿಡಲಿಲ್ಲ, ಅದು 1989ರಿಂದ ನಡೆದುಬಂದಿದೆ. ಎರಡರಲ್ಲಿ ಯಾವುದನ್ನು ಉಳಿಸಿಕೊಂಡರು ಎಂಬುದನ್ನು ಗಮನಿಸಿ.

ಅಂದಹಾಗೆ, ಕಡತಕ್ಕೆ ಆ ಹುಡುಗನ ಪುಸ್ತಕದ ಪುಟದ ಪ್ರತಿಯನ್ನು ಇಟ್ಟುಕೊಳ್ಳಿ. ಹೆಸರು ಮುಚ್ಚಿ.

ಅರೆಸೀಮೆಸುಣ್ಣ ಮತ್ತೆ ಬರೆದದ್ದು:

ಎಲ್ಲರಿಗೂ ನಮಸ್ಕಾರ, ಉತ್ತರಿಸಲು ವಾರವಾಯಿತು.

ಪಟ್ಟಿಗಳನ್ನು ಮಡಿಸಿದೆವು. ಮೂರಾಗಿ ಮಡಿಸುವುದು ಮಕ್ಕಳಿಗೆ ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ, ಹತ್ತು ನಿಮಿಷ ಅದರಲ್ಲೇ ಹೋಯಿತು. 3/7 ಕಡಿಮೆ ಎಂದು ಕಂಡುಹಿಡಿದವನು ಅವನಲ್ಲ, ಪಕ್ಕದಲ್ಲಿದ್ದ ಹುಡುಗಿ. ಅವನು ಒಪ್ಪಲಿಲ್ಲ. "ಹಾಗಾದರೆ ನನ್ನ ಅಂಕ ತಪ್ಪೇ?" ಎಂದು ಕೇಳಿದ. ತಪ್ಪಲ್ಲ, ಅಲ್ಲಿ ಇಡಿ ಬೇರೆ ಎಂದೆ. ಈ ಸಲ "ಬೇರೆ" ಎಂದಾಗ ಕೈಯಲ್ಲಿ ಎರಡು ಪಟ್ಟಿಗಳಿದ್ದವು. ಅವನು ಅವನ್ನು ಉದ್ದಕ್ಕೆ ಒಂದರ ಮುಂದೆ ಒಂದು ಜೋಡಿಸಿ ಬಹಳ ಹೊತ್ತು ನೋಡಿದ. ಪೂರ್ತಿ ಒಪ್ಪಿದನೋ ಇಲ್ಲವೋ ಹೇಳಲಾರೆ.

ಮಾರ್ಗದರ್ಶಕಿಯ ಬಳಿಯೂ ಹೋದೆ, ಹಾಜರಿಪುಸ್ತಕದವರು ಹೇಳಿಕೊಟ್ಟ ವಾಕ್ಯವನ್ನೇ ಬಾಯಿಪಾಠ ಮಾಡಿಕೊಂಡು. ಶಿಕ್ಷಕರ ಕೊಠಡಿಯಲ್ಲಿ ಅವರು ಉತ್ತರಪತ್ರಿಕೆಗಳ ಕಟ್ಟು ಬಿಚ್ಚುತ್ತಿದ್ದರು. ಮಾತಾಡಲಿಲ್ಲ. ಚೀಲದಿಂದ ಒಂದು ಸಣ್ಣ ನೋಟ್‌ಬುಕ್ ತೆಗೆದು, ನಮೂನೆಯಲ್ಲ, ಅವರ ಸ್ವಂತದ್ದು, ಮಂಗಳವಾರದ ಪುಟ ತೋರಿಸಿದರು. ಅಲ್ಲಿ 3/7 ಎಂದು ಬರೆದು ಸುತ್ತು ಹಾಕಿ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. "ನನಗೂ ತಕ್ಷಣ ಹೊಳೆಯಲಿಲ್ಲ" ಎಂದರು. "ನೀವು ಕೇಳುತ್ತೀರಿ ಎಂದುಕೊಂಡಿದ್ದೆ. ಕೇಳಲಿಲ್ಲ. ನಾನಾಗಿ ಎತ್ತಿದರೆ ನೀವು ಅದನ್ನು ವರದಿ ಎಂದುಕೊಳ್ಳುತ್ತೀರಿ ಎಂದು ಸುಮ್ಮನಾದೆ."

ಗುರುವಾರ ಅವರ ತರಗತಿಯಲ್ಲಿ ಅನುಪಾತದ ಪಾಠವಿದೆ, ಹಿಂದೆ ಕುಳಿತುಕೊಳ್ಳಲು ಕರೆದಿದ್ದಾರೆ. ನನ್ನ ಬಿಡುವಿನ ಪೀರಿಯಡ್ ಹೋಗುತ್ತದೆ, ಎರಡು ಕಟ್ಟು ಪುಸ್ತಕ ತಿದ್ದುವುದು ಬಾಕಿ ಇದೆ. ಹೋಗುತ್ತೇನೆ. ಮೂಲೆಯಬೀರು ಅವರೇ, ವರದಿಯಲ್ಲಿ ಏನು ಬರೆಯುತ್ತಾರೋ ವರ್ಷಾಂತ್ಯಕ್ಕೆ ಇಲ್ಲೇ ಬಂದು ತಿಳಿಸುತ್ತೇನೆ.