ಹಳದಿ ಹಾಳೆ

ಗುಂಪು: ಹಳೇಮನೆ ಬಳಗ. ಭಾನುವಾರ.

ವನಜತ್ತೆ, ಬೆಳಗ್ಗೆ 7:12
(ಹಲವು ಬಾರಿ ಫಾರ್ವರ್ಡ್ ಆಗಿದೆ)
ನಿಮ್ಮ ಮಗು ಇಂಗ್ಲಿಷಿನ ಸಣ್ಣ ‘ಬಿ’ ಬದಲು ‘ಡಿ’ ಬರೆಯುತ್ತಿದೆಯೇ? ಇದು ಡಿಸ್ಲೆಕ್ಸಿಯಾ (ಓದು ಬರಹ ಕಲಿಯುವ ತೊಡಕು)!! ಇಂಥ ಮಕ್ಕಳ ಕಣ್ಣಿಗೆ ಅಕ್ಷರ ತಿರುಗಿ ಕಾಣುತ್ತದೆ. ಪುಸ್ತಕದ ಮೇಲೆ ಹಳದಿ ಪ್ಲಾಸ್ಟಿಕ್ ಹಾಳೆ ಇಟ್ಟು ಓದಿಸಿ. ತಪ್ಪಾದ ಪದವನ್ನು ದಿನಾ 20 ಸಲ ಬರೆಸಿ. ಮನೆಯಲ್ಲಿ ಕನ್ನಡ ನಿಲ್ಲಿಸಿ, ಇಂಗ್ಲಿಷ್ ಮಾತ್ರ ಮಾತಾಡಿ. 21 ದಿನದಲ್ಲಿ ಮಗು ಇಂಗ್ಲಿಷ್ ಪೇಪರ್ ಓದುತ್ತದೆ. 10 ಗುಂಪಿಗೆ ಕಳಿಸಿ.

ವನಜತ್ತೆ, 7:13
ಸುಮಾ ನೋಡಮ್ಮ, ನಮ್ಮ ಚಿನ್ನುಗೆ ಅಂತಲೇ ಬರೆದ ಹಾಗಿದೆ 🙏

ಮಂಜು, 7:15
👍👍

ಸುಬ್ಬಣ್ಣ ದೊಡ್ಡಪ್ಪ, 7:31
20 ಸಲ ಬರೆಸಿ ಅಂದಿರೋದು ಸರಿಯಾಗಿದೆ. ಈಗಿನ ಮೇಷ್ಟ್ರುಗಳಿಗೆ ಇಂಪೊಸಿಷನ್ ಕೊಡೋಕೇ ಭಯ. ಕೈ ಸವೆಯದೆ ವಿದ್ಯೆ ಬರಲ್ಲ. ತಂದೆ ತಾಯಿ ಮೊಬೈಲ್ ಕೆಳಗಿಟ್ಟು ಪಕ್ಕದಲ್ಲಿ ಕೂತರೆ ಅರ್ಧ ಸರಿಹೋಗುತ್ತೆ.

ಶ್ರೀಧರ, 7:40
ಇದರ ಮೂಲ ಯಾವುದು ಅತ್ತೆ? ಯಾರು ಬರೆದಿದ್ದು, ಯಾವ ಡಾಕ್ಟರು, ಯಾವ ವರ್ಷ?

ವನಜತ್ತೆ, 7:42
ಯೋಗ ಕ್ಲಾಸಿನ ಗುಂಪಲ್ಲಿ ಬಂತು ಕಣೋ. ಒಳ್ಳೇದಕ್ಕೇ ಕಳಿಸಿದ್ದು.

ಶ್ರೀಧರ, 7:43
ಬೆಂಡೆಕಾಯಿ ನೀರಿಗೆ ಸಕ್ಕರೆ ಕಾಯಿಲೆ ವಾಸಿಯಾಗುತ್ತೆ ಅಂತಾನೂ ಒಳ್ಳೇದಕ್ಕೇ ಕಳಿಸಿದ್ರಿ.

ವನಜತ್ತೆ, 7:45
ಅದನ್ನೇ ಎಷ್ಟು ಸಲ ಎತ್ತಾಡ್ತೀಯೋ. ನಿನ್ನ ಮದುವೆ ಛತ್ರದ ಅಡ್ವಾನ್ಸ್ ವಿಷಯ ನಾನು ಯಾವತ್ತಾದರೂ ಎತ್ತಿದೀನಾ?

ಸುಬ್ಬಣ್ಣ ದೊಡ್ಡಪ್ಪ, 7:47
ಶ್ರೀಧರ, ದೊಡ್ಡವರ ಹತ್ರ ಮಾತಾಡೋ ರೀತಿ ಅಲ್ಲ ಇದು.

ರೇಖಾ, 8:05
ಅತ್ತೆ, ಬೇಜಾರು ಮಾಡ್ಕೋಬೇಡಿ, ಇದನ್ನ ಮುಂದಕ್ಕೆ ಕಳಿಸಬೇಡಿ. ಡಿಸ್ಲೆಕ್ಸಿಯಾ ಇರೋ ಮಗುಗೂ ಅಕ್ಷರ ಕಾಣೋದು ನಮಗೆ ಕಾಣೋ ಹಾಗೇ. ಒಂದು ಕಾಫಿ ಕಪ್ಪನ್ನ ಎಡಕ್ಕೆ ತಿರುಗಿಸಿಟ್ರೂ ಅದು ಕಪ್ಪೇ, ಬಲಕ್ಕೆ ತಿರುಗಿಸಿಟ್ರೂ ಕಪ್ಪೇ. ಅಕ್ಷರ ಮಾತ್ರ ತಿರುಗಿದರೆ ಬೇರೆಯಾಗಿಬಿಡುತ್ತೆ. ಆ ನಿಯಮ ಗಟ್ಟಿಯಾಗೋಕೆ ಸಮಯ ಬೇಕು. ಆರು ಏಳು ವರ್ಷದವರೆಗೆ ಬಿ-ಡಿ ಅದಲುಬದಲು ಮಾಡದ ಮಕ್ಕಳೇ ಕಡಿಮೆ. ಅದೊಂದನ್ನೇ ನೋಡಿ ಡಿಸ್ಲೆಕ್ಸಿಯಾ ಅನ್ನೋಕಾಗಲ್ಲ.
ತೊಡಕು ಇರೋದು ಮುಖ್ಯವಾಗಿ ಧ್ವನಿಯಲ್ಲಿ. ಕಿವಿ ಚೆನ್ನಾಗೇ ಕೇಳಿಸುತ್ತೆ, ಆದರೆ ಆಡಿದ ಪದದೊಳಗೆ ಯಾವ್ಯಾವ ಧ್ವನಿ ಇದೆ ಅಂತ ಬಿಡಿಸಿಕೊಳ್ಳೋದು ಕಷ್ಟ. ಹಳದಿ ಹಾಳೆ ಅಲ್ಲಿ ಏನು ಮಾಡುತ್ತೆ? ಹೊಳಪು ಕಡಿಮೆಯಾಗಿ ಹಿತ ಅನ್ನಿಸಬಹುದು, ಓದು ಬರಲ್ಲ. ಶ್ರೀಧರ ಮೂಲ ಕೇಳಿದ್ನಲ್ಲ: ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ, ನೇತ್ರವೈದ್ಯರ ಅಕಾಡೆಮಿ 2009ರಲ್ಲಿ ಜಂಟಿ ಹೇಳಿಕೆ ಕೊಟ್ಟು, ಬಣ್ಣದ ಕನ್ನಡಕ, ಬಣ್ಣದ ಹಾಳೆಗೆ ಆಧಾರ ಇಲ್ಲ ಅಂದಿವೆ. ಕಣ್ಣು ಮತ್ತು ಕಿವಿ ಪರೀಕ್ಷೆಯನ್ನಂತೂ ಮೊದಲೇ ಮಾಡಿಸಲೇಬೇಕು.

ಶ್ರೀಧರ, 8:07
ಇದನ್ನೇ ಕೇಳಿದ್ದು ನಾನು.

ವನಜತ್ತೆ, 8:09
ಅಮೆರಿಕದವರು ಅಂದ್ರೆ ವೇದವಾಕ್ಯ, ಅತ್ತೆ ಅಂದ್ರೆ ಬೆಂಡೆಕಾಯಿ.

ಮಂಜು, 8:15
ಇಂಪೊಸಿಷನ್ ಅಂದಾಗ ನೆನಪಾಯ್ತು, ಅಜ್ಜ ಜಗುಲಿ ಮೇಲೆ ಮರಳು ಹರಡಿ ಬೆರಳು ಹಿಡಿದು ಅಕ್ಷರ ತಿದ್ದಿಸ್ತಿದ್ರು. ಹುಣಸೆ ಬೀಜ ಜೋಡಿಸಿ ಲೆಕ್ಕ. ಎಂಥಾ ಮರ ಅದು! ಕಡಿಸಿದ್ದು ಯಾರು?

ಸುಬ್ಬಣ್ಣ ದೊಡ್ಡಪ್ಪ, 8:17
ರಸ್ತೆ ಅಗಲ ಮಾಡುವಾಗ ಹೋಯ್ತು. ನಾನು ಕಡಿಸಿದೆ ಅಂತ ಕೆಲವರು ಹೇಳ್ಕೊಂಡು ತಿರುಗ್ತಾರೆ, ಗೊತ್ತಿದೆ ನನಗೆ.

ಮಂಜು, 8:18
ನಾನು ಹಾಗೆ ಅನ್ನಲಿಲ್ಲ ದೊಡ್ಡಪ್ಪ.

ಗೀತಕ್ಕ, 8:30
ಮರದ ಮಾತು ಆಮೇಲೆ. ಈ 20 ಸಲ ಬರೆಸೋದಿದೆಯಲ್ಲ, ಅಂಥ ಮಗುವಿನ ನೋಟ್‌ಬುಕ್ ತೆಗೆದು ನೋಡಿ. ‘ಫ್ರೆಂಡ್’ ಅಂತ ಮೂರು ಸಾಲು ಸರಿ ಇರುತ್ತೆ. ನಾಲ್ಕನೇದರಲ್ಲಿ ‘ಐ’, ‘ಇ’ ಜಾಗ ಬದಲಾಗಿರುತ್ತೆ. ಅಲ್ಲಿಂದ ಮುಂದೆ ಮಗು ನೋಡಿ ಬರೆಯೋದು ಬೋರ್ಡನ್ನಲ್ಲ, ತನ್ನದೇ ಮೇಲಿನ ಸಾಲನ್ನ. ಇಪ್ಪತ್ತು ಮುಗಿಯೋ ಹೊತ್ತಿಗೆ ಮೂರು ಸಲ ಸರಿ, 17 ಸಲ ತಪ್ಪು ಅಭ್ಯಾಸ ಆಗಿರುತ್ತೆ. ಇನ್ನು ಕೆಲವು ಮಕ್ಕಳು ಮೊದಲ ಅಕ್ಷರವನ್ನೇ ಮೇಲಿಂದ ಕೆಳಗೆ 20 ಸಲ ಇಳಿಸ್ತಾರೆ, ಆಮೇಲೆ ಎರಡನೇದು, ಆಮೇಲೆ ಮೂರನೇದು. ಪುಟ ತುಂಬುತ್ತೆ, ಆ ಪದ ಒಂದು ಸಲವೂ ಬಾಯಿಗೆ ಬಂದಿರಲ್ಲ.

ಸುಬ್ಬಣ್ಣ ದೊಡ್ಡಪ್ಪ, 8:34
ಹಾಗಾದರೆ 34 ವರ್ಷ ಮೇಷ್ಟ್ರಾಗಿ ನಾನು ಮಾಡಿದ್ದೆಲ್ಲ ವ್ಯರ್ಥ ಅನ್ನಿ.

ರೇಖಾ, 8:50
ಹಾಗಲ್ಲ ದೊಡ್ಡಪ್ಪ. ಕನ್ನಡದಲ್ಲಿ ‘ಮ’ ಅನ್ನೋ ಅಕ್ಷರದ ಹೆಸರೂ ‘ಮ’, ಉಚ್ಚಾರವೂ ‘ಮ’. ತಿದ್ದಿಸ್ತಾ ಹೇಳಿಸಿದರೆ ಎರಡೂ ಒಟ್ಟಿಗೆ ಕೂರುತ್ತೆ. ಇಂಗ್ಲಿಷಲ್ಲಿ 26 ಅಕ್ಷರ, ಧ್ವನಿ ಸುಮಾರು 44. ‘ಎಚ್’ ಅನ್ನೋ ಹೆಸರಲ್ಲಿ ‘ಹ್’ ಧ್ವನಿಯೇ ಇಲ್ಲ, ‘ಡಬ್ಲ್ಯೂ’ನಲ್ಲಿ ‘ವ್’ ಇಲ್ಲ. ಅದಕ್ಕೇ ಹೆಸರು ಆಮೇಲೆ, ಧ್ವನಿ ಮೊದಲು.
ಧ್ವನಿ ಕಲಿಸುವಾಗ ನಮ್ಮ ಕಡೆ ಎಡವೋದು ಇಲ್ಲಿ. ‘ಬಿ ಅಂದ್ರೆ ಬ, ಟಿ ಅಂದ್ರೆ ಟ’ ಅಂತ ಹೇಳಿಕೊಡ್ತೀವಿ. ಮಗು ಪಾಪ ‘ಬ, ಆ್ಯ, ಟ’ ಅಂತ ನಿಷ್ಠೆಯಿಂದ ಕೂಡಿಸುತ್ತೆ, ಎಷ್ಟು ಬೇಗ ಹೇಳಿದರೂ ‘ಬ್ಯಾಟ್’ ಆಗಲ್ಲ. ವ್ಯಂಜನಕ್ಕೆ ‘ಅ’ ಅಂಟಿಕೊಂಡಿದೆ, ಪಕ್ಕದ್ದನ್ನ ಸೇರಿಸಿಕೊಳ್ಳೋಕೆ ಬಿಡಲ್ಲ. ಅರ್ಧಾಕ್ಷರವಾಗಿ ಕಲಿಸಬೇಕು: ಬ್, ಟ್, ಸ್. ‘ಬ್’ಗೆ ‘ಆ’ ಸೇರಿದರೆ ‘ಬಾ’ ಅಂತ ಕಾಗುಣಿತದಲ್ಲಿ ಮಗು ಆಗಲೇ ಕಲಿತಿರುತ್ತೆ, ಅದೇ ಉಪಾಯ ಇಲ್ಲೂ. ಕನ್ನಡ ನಿಲ್ಲಿಸಿ ಅಂತ ಬರೆದವರ ಮೇಲೆ ನನಗೆ ನಿಜವಾಗಿ ಕೋಪ ಬರೋದು ಇದಕ್ಕೇ. ಮಗು ನಿಂತಿರೋ ನೆಲವನ್ನೇ ಅಗೆದು ಹಾಕಿದ ಹಾಗೆ.

ಶ್ರೀಧರ, 8:54
ನಿನಗೂ ಅದೇ ಪ್ರಶ್ನೆ ರೇಖಾ. ಕನ್ನಡದ ಮಕ್ಕಳ ಬಗ್ಗೆ ಅಧ್ಯಯನ ಇದೆಯಾ?

ರೇಖಾ, 8:58
ಇದೆ. ಸೊನಾಲಿ ನಾಗ್ ಅವರದು, 2007. ಕನ್ನಡದ ಅಕ್ಷರಗಳು ಪೂರ್ತಿ ಕೈಗೆ ಬರೋಕೆ ನಾಲ್ಕನೇ ತರಗತಿವರೆಗೂ ಹಿಡಿಯುತ್ತೆ, ಬಿಡಿ ಧ್ವನಿ ಗುರುತಿಸೋದು ಇಲ್ಲಿನ ಎಲ್ಲ ಮಕ್ಕಳಲ್ಲೂ ನಿಧಾನಕ್ಕೇ ಬೆಳೆಯುತ್ತೆ ಅಂತ ತೋರಿಸಿದ್ದಾರೆ. ನಮ್ಮ ಲಿಪಿ ಉಚ್ಚಾರವನ್ನ ಗುಣಿತಾಕ್ಷರವಾಗಿ ಇಡಿಯಾಗಿ ಕೊಡುತ್ತೆ, ಅದಕ್ಕೆ.

ಗೀತಕ್ಕ, 9:04
ಇನ್ನೊಂದು. ‘ಪೆನ್’ ಅನ್ನೋದನ್ನ ‘ಪೆನ್ನು’, ‘ಎಗ್’ ಅನ್ನೋದನ್ನ ‘ಯೆಗ್ಗು’ ಅಂತ ಓದಿದ್ರೆ ಅದು ಕನ್ನಡದ ನಾಲಿಗೆ, ಓದಿನ ತಪ್ಪಲ್ಲ. ‘ವೆಟ್’ ಅಂತ ನಾಯಿ ಡಾಕ್ಟರಿಗೂ, ಒದ್ದೆಗೂ ಒಂದೇ ‘ವ’ ಹೇಳ್ತಾರೆ, ಅದೂ ಅಷ್ಟೇ. ಆದರೆ ‘ಟಾಪ್’ ಇರೋ ಕಡೆ ‘ಪಾಟ್’ ಅಂದ್ರೆ, ಒಂದೇ ಪುಟದಲ್ಲಿ ಒಂದೇ ಪದವನ್ನ ಮೂರು ಥರ ಓದಿದ್ರೆ, ಮೊದಲಕ್ಷರ ನೋಡಿ ಮಿಕ್ಕಿದ್ದು ಊಹೆ ಮಾಡಿದ್ರೆ, ಅದನ್ನ ಬರೆದಿಟ್ಕೋಬೇಕು. ಈ ಎರಡು ಪಟ್ಟಿ ಬೇರೆ ಮಾಡದೆ ಮಗುಗೆ ಹಣೆಪಟ್ಟಿ ಹಚ್ಚಬಾರದು.

ಸುಮಾ, 9:20
ಎಲ್ಲರೂ ಚಿನ್ನು ಬಗ್ಗೆ ಮಾತಾಡ್ತಿದೀರಿ, ಅದಕ್ಕೆ ಹೇಳ್ತೀನಿ. ಅವನಿಗೆ ಡಿಸ್ಲೆಕ್ಸಿಯಾ ಅಂತ ಯಾರೂ ಹೇಳಿಲ್ಲ. ಎರಡನೇ ಕ್ಲಾಸು, ಏಳು ವರ್ಷ. ಗೌರಿ ಹಬ್ಬದ ದಿನ 20 ಜನರ ಮುಂದೆ ನಿಲ್ಲಿಸಿ ಇಂಗ್ಲಿಷ್ ಪೇಪರ್ ಓದಿಸಿದಾಗಿಂದ ಪುಸ್ತಕ ಕಂಡರೆ ಹೊಟ್ಟೆನೋವು ಅಂತಾನೆ.

ಸುಬ್ಬಣ್ಣ ದೊಡ್ಡಪ್ಪ, 9:23
ಈ ಸಂದೇಶವನ್ನು ಅಳಿಸಲಾಗಿದೆ

ಮಂಜು, 9:30
ಆವತ್ತಿನ ಹೋಳಿಗೆ ಮಾತ್ರ ಮರೆಯೋ ಹಾಗಿಲ್ಲ.

ಗೀತಕ್ಕ, 9:31
ಮಂಜು, ಸ್ವಲ್ಪ ಸುಮ್ಮನಿರು.

ರೇಖಾ, 9:48
ಸುಮಾ, ಯಾವ ಸರ್ಟಿಫಿಕೇಟಿಗೂ ಕಾಯೋದು ಬೇಡ, ಈ ವಾರವೇ ಶುರು ಮಾಡಬಹುದು. ತೊಂದರೆ ಇದ್ದರೂ ಇಲ್ಲದಿದ್ದರೂ ಈ ಪಾಠದಿಂದ ನಷ್ಟ ಇಲ್ಲ. ದಿನಕ್ಕೆ 30 ನಿಮಿಷ, ವಾರಕ್ಕೆ ಐದು ದಿನ. ಭಾನುವಾರ ಎರಡೂವರೆ ಗಂಟೆ ಒಟ್ಟಿಗೆ ಕೂರಿಸಿದ್ರೆ ಅದು ಇದಕ್ಕೆ ಸಮ ಆಗಲ್ಲ.
ಮೊದಲ ಆರು ಅಕ್ಷರ: ಎಸ್, ಎ, ಟಿ, ಪಿ, ಐ, ಎನ್. ಎಬಿಸಿಡಿ ಸಾಲಿನಲ್ಲಿ ಹೋಗಬೇಡಿ. ಈ ಆರರಲ್ಲೇ ಸ್ಯಾಟ್, ಪಿನ್, ಟ್ಯಾಪ್, ನ್ಯಾಪ್, ಟಿನ್, ಸಿಪ್ ಎಲ್ಲಾ ಆಗುತ್ತೆ, ಮಗು ಮೊದಲ ವಾರದಲ್ಲೇ ನಿಜವಾದ ಪದ ಓದುತ್ತೆ. ‘ಸ್’, ‘ನ್’ ಎಳೆಯೋಕೆ ಬರುತ್ತೆ, ಅವುಗಳಿಂದ ಶುರುವಾಗೋ ಪದ ಮೊದಲು ಕೊಡಿ: ಸ್ಸ್ಸ್‌ಆ್ಯಟ್. ‘ಟ್’, ‘ಪ್’ ಎಳೆಯೋಕೆ ಬರಲ್ಲ, ಅವು ಕೊನೆಯಲ್ಲಿ ಸುಲಭ, ಮೊದಲಲ್ಲಿ ಕಷ್ಟ.
ಐದು ನಿಮಿಷ ಹಳೇ ಕಾರ್ಡು, ಎಂಟಕ್ಕಿಂತ ಹೆಚ್ಚು ಬೇಡ. ಐದು ನಿಮಿಷ ಹೊಸ ಧ್ವನಿ, ಒಂದೇ ಒಂದು. ಹತ್ತು ನಿಮಿಷ ಬಿಡಿಸಿ ಕೂಡಿಸೋದು. ಕೊನೆಗೆ ಐದು ಪದ, ಒಂದು ವಾಕ್ಯ ಉಕ್ತಲೇಖನ. ನೋಡಿ ಬರೆಯೋದಲ್ಲ, ಕೇಳಿ ಬರೆಯೋದು. ಎರಡು ದಿನ ಸತತವಾಗಿ ಹತ್ತಕ್ಕೆ ಒಂಬತ್ತು ಸರಿ ಬಂದರೆ ಮುಂದಿನ ಅಕ್ಷರ, ಇಲ್ಲದಿದ್ರೆ ಅಲ್ಲೇ.

ರೇಖಾ, 9:55
ಬಿಡಿಸೋದಕ್ಕೆ ಮಂಜಣ್ಣ ಹೇಳಿದ ಹುಣಸೆ ಬೀಜವೇ ಸಾಕು. ಹಾಳೆ ಮೇಲೆ ಮೂರು ಚೌಕ ಬರೆಯಿರಿ. ನೀವು ‘ಪಿನ್’ ಅಂತ ಬಾಯಲ್ಲಿ ಹೇಳಿ, ಬರೆದು ತೋರಿಸಬೇಡಿ. ಅವನು ‘ಪ್’ ಅಂತ ಒಂದು ಬೀಜ ಮೊದಲ ಚೌಕಕ್ಕೆ ತಳ್ಳಬೇಕು, ‘ಇ’ ಅಂತ ಎರಡನೇದು, ‘ನ್’ ಅಂತ ಮೂರನೇದು. ಕೊನೆಗೆ ಬೆರಳನ್ನ ಎಡದಿಂದ ಬಲಕ್ಕೆ ಜಾರಿಸಿ ‘ಪಿನ್’. ಸೋವಿಯತ್ ಮನಶ್ಶಾಸ್ತ್ರಜ್ಞ ಎಲ್ಕೋನಿನ್ ಹೆಸರಲ್ಲಿ ಈ ಚೌಕಗಳು ಎಲ್ಲ ಕಡೆ ಬಳಕೆಯಲ್ಲಿವೆ. ಮುಂದೆ ‘ಶಿಪ್’ ಬರುತ್ತಲ್ಲ, ಅಕ್ಷರ ನಾಲ್ಕು, ಬೀಜ ಮೂರೇ. ಅಲ್ಲಿ ನೀವೇ ಅಕ್ಷರ ಎಣಿಸಿ ನಾಲ್ಕು ಬೀಜ ಕೊಟ್ಟುಬಿಟ್ರೆ ಅವನಿಗೆ ಗೊಂದಲ.
ಬಿ-ಡಿ ಒಂದೇ ವಾರ ಬೇಡ. ‘ಬಿ’ ಗಟ್ಟಿಯಾಗಿ ಎರಡು ವಾರ ಕಳೆದ ಮೇಲೆ ‘ಡಿ’. ಕೈ ಹೋಗೋ ದಾರಿಯೂ ಬೇರೆ ಇರಲಿ. ಸಣ್ಣ ‘ಬಿ’ಗೆ ಮೊದಲು ಉದ್ದ ಗೆರೆ, ಆಮೇಲೆ ಹೊಟ್ಟೆ. ಸಣ್ಣ ‘ಡಿ’ಗೆ ಮೊದಲು ‘ಸಿ’ ಬರೆದು, ಕೈ ಎತ್ತದೆ ಮೇಲೆ ಹೋಗಿ ಇಳಿಯೋದು. ಬಾಯಲ್ಲಿ ಧ್ವನಿ ಹೇಳ್ತಾ ಬರೆಯಬೇಕು. ಸುಮ್ಮನೆ ಬರೆದರೆ ಅದು ಚಿತ್ರ.

ಸುಬ್ಬಣ್ಣ ದೊಡ್ಡಪ್ಪ, 10:20
ರೇಖಾ, ಮುಂದೆ ಪರೀಕ್ಷೆಗೆ ಇಂಥ ಮಕ್ಕಳಿಗೆ ಅನುಕೂಲ ಏನಿದೆ? ಕಾಗದಪತ್ರದ ಓಡಾಟ ಇದ್ದರೆ ನಾನು ಮಾಡ್ತೀನಿ. ನನಗೆ ಆಫೀಸು ತಿರುಗಿ ಅಭ್ಯಾಸ ಇದೆ.

ರೇಖಾ, 10:31
2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆಯೂ ಇದೆ ದೊಡ್ಡಪ್ಪ. 2018ರ ಮಾರ್ಗಸೂಚಿಯಲ್ಲಿ ಇದ್ದದ್ದು, ಶಾಲೆ ಮೊದಲ ತಪಾಸಣೆ ಮಾಡಬೇಕಾದ್ದು ಮೂರನೇ ತರಗತಿ ಅಥವಾ ಎಂಟು ವರ್ಷಕ್ಕೆ, ಆಮೇಲೆ ನಿಮ್ಹಾನ್ಸ್ ರೂಪಿಸಿದ ಪರೀಕ್ಷಾ ಸರಣಿ. ನ್ಯೂನತೆ ಶೇಕಡ 40 ಅಥವಾ ಹೆಚ್ಚು ಅಂತ ಪ್ರಮಾಣಪತ್ರ ಆದವರಿಗೆ ಕೇಂದ್ರದ ಲಿಖಿತ ಪರೀಕ್ಷಾ ಮಾರ್ಗಸೂಚಿಯಂತೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ. ಚಿನ್ನುಗೆ ಇನ್ನೂ ಆ ವಯಸ್ಸು ಆಗಿಲ್ಲ. ಈಗಿಂದ ವಾರವಾರದ ಉಕ್ತಲೇಖನದ ಹಾಳೆಗೆ ತಾರೀಕು ಹಾಕಿ ಎತ್ತಿಡಿ. ಆರು ತಿಂಗಳು ಸರಿಯಾಗಿ ಕಲಿಸಿದ ಮೇಲೂ ಅದೇ ಜಾಗದಲ್ಲಿ ನಿಂತಿದ್ದರೆ ಪರೀಕ್ಷಿಸೋರಿಗೆ ಆ ಹಾಳೆಗಳಿಗಿಂತ ಒಳ್ಳೆ ಸಾಕ್ಷಿ ಇಲ್ಲ.

ಸುಬ್ಬಣ್ಣ ದೊಡ್ಡಪ್ಪ, 10:33
ಫೈಲು ನಾನು ಮಾಡಿಡ್ತೀನಿ. ಸುಮಾ, ಹಾಳೆ ನನಗೆ ಕಳಿಸ್ತಾ ಇರಮ್ಮ.

ಸುಮಾ, 10:40
ಸರಿ ಮಾವ.

ಶ್ರೀಧರ, 10:41
ಅತ್ತೆ, ಆ ಯೋಗ ಗುಂಪಿಗೂ ರೇಖಾ ಬರೆದಿದ್ದನ್ನ ಹಾಕ್ತೀರಾ?

ವನಜತ್ತೆ, 10:52
ನೀನು ಹೇಳಿದ್ದಕ್ಕಲ್ಲ, ಅವಳು ಬರೆದಿದ್ದಕ್ಕೆ ಹಾಕ್ತೀನಿ. ರೇಖಾ, ಬರೆಯೋಕೆ ಅಪ್ಪ ಮರಳು ಹರಡ್ತಿದ್ರಲ್ಲ, ಈಗ ಮರಳೆಲ್ಲಿ ತರೋದು. ತಟ್ಟೆಯಲ್ಲಿ ರವೆ ಹಾಕಿದ್ರೆ ಆಗುತ್ತಾ? ಚಿರೋಟಿದಾ, ಉಪ್ಪಿಟ್ಟಿಂದಾ?

ರೇಖಾ, 10:55
ಉಪ್ಪಿಟ್ಟಿನ ರವೆ ಅತ್ತೆ. ಚಿರೋಟಿ ಬೆರಳಿಗೆ ಮೆತ್ತಿಕೊಳ್ಳುತ್ತೆ. ಸ್ಟೀಲ್ ತಟ್ಟೆ ಹೊಳೆಯುತ್ತೆ, ಕಪ್ಪು ತವಾ ಅಥವಾ ಬಣ್ಣದ ಟ್ರೇ ತಗೊಳ್ಳಿ. ತೆಳ್ಳಗೆ ಹರಡಿ, ಗೆರೆ ಎಳೆದರೆ ಕೆಳಗಿನ ಬಣ್ಣ ಕಾಣಬೇಕು.

ವನಜತ್ತೆ, 10:56
ಸುಮಾ, ತವಾ ನಾನು ತೊಳೆದಿಡ್ತೀನಿ. ಅವನ್ನ ನಾಲ್ಕು ಗಂಟೆಗೆ ನನ್ನ ಹತ್ರ ಕಳಿಸು. ಪೇಪರ್ ಒಳಗಿಡ್ತೀನಿ.