ಸಹಾಯ ಬೇಕು: ಜರ್ಮನಿಯ ಲೈಪ್‌ಜಿಗ್‌ನಲ್ಲಿ ತಂಗಿಗೊಂದು ರೂಮ್

ಎಲ್ಲರಿಗೂ ನಮಸ್ಕಾರ. ನಾವು ಮಡಿಕೇರಿಯವರು. ನನ್ನ ತಂಗಿ ಎಂಎಸ್ಸಿ ಓದಲು ಲೈಪ್‌ಜಿಗ್‌ಗೆ ಹೋಗಿ ಆರು ದಿನ ಆಯ್ತು. ತಲುಪಿದ್ದು ಶನಿವಾರ ರಾತ್ರಿ. ಭಾನುವಾರ ಅಲ್ಲಿ ಹೆಚ್ಚುಕಮ್ಮಿ ಎಲ್ಲಾ ಅಂಗಡಿ ಮುಚ್ಚಿರುತ್ತವೆ, ನಮಗೆ ಗೊತ್ತಿರಲಿಲ್ಲ. ಅಮ್ಮ ಕಟ್ಟಿಕೊಟ್ಟ ಚಕ್ಕುಲಿ ತಿಂದೇ ದಿನ ಕಳೆದಳು.

ಅದು ಹೋಗಲಿ, ಈಗಿನ ತೊಂದರೆ ಬೇರೆ. ಮನೆ ಸೇರಿದ 2 ವಾರದೊಳಗೆ ಅಲ್ಲಿನ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಆನ್‌ಮೆಲ್ಡುಂಗ್ ಅಂತಾರೆ. ಅದಕ್ಕೆ ಮನೆ ಕೊಟ್ಟವರ ಪತ್ರ ಬೇಕು, ಬಾಡಿಗೆ ಕರಾರು ಸಾಲದು. ಕಾನೂನು ಪ್ರಕಾರ ಅವರು ಕೊಡಲೇಬೇಕು. ಆದರೆ ಇವಳ ರೂಮಿನ ಮಾಲೀಕರು ಕೊಡುವುದಿಲ್ಲ ಅಂತಿದ್ದಾರೆ. ನೋಂದಣಿ ಆಗದೆ ರೆಸಿಡೆನ್ಸ್ ಪರ್ಮಿಟ್ ಕೆಲಸವೂ ಮುಂದೆ ಹೋಗುವುದಿಲ್ಲ.

ನಿನ್ನೆ ವಿಡಿಯೋ ಕಾಲ್‌ನಲ್ಲಿ ನೋಡಿದೆ. ಸೂಟ್‌ಕೇಸ್ ಇನ್ನೂ ಬಿಚ್ಚಿಲ್ಲ. ಟವೆಲ್‌ನಲ್ಲಿ ಸುತ್ತಿ ಕಳಿಸಿದ ಕಾಚಂಪುಳಿ (ಅಡುಗೆಗೆ ಹಾಕುವ ನಮ್ಮ ಕೊಡಗಿನ ಹುಳಿ) ಬಾಟಲಿ ಮಾತ್ರ ಕಿಟಕಿ ಹತ್ತಿರ ಇಟ್ಟಿದ್ದಾಳೆ. "ಇಲ್ಲೇ ಇರ್ತೀನೋ ಇಲ್ವೋ, ಯಾಕೆ ಬಿಚ್ಚಲಿ ಅಕ್ಕ" ಅಂದಳು. ಕರುಳು ಚುರುಕ್ ಎಂದಿತು.

ಲೈಪ್‌ಜಿಗ್‌ನಲ್ಲಿ ಕನ್ನಡದವರು ಯಾರಾದರೂ ಇದ್ದೀರಾ? ನೋಂದಣಿಗೆ ಒಪ್ಪುವ ರೂಮ್ ಇದ್ದರೆ ತಿಳಿಸಿ, ಶೇರಿಂಗ್ ಆದರೂ ಸರಿ. ಮಾಲೀಕರ ಹತ್ತಿರ ಜರ್ಮನ್‌ನಲ್ಲಿ ಒಂದು ಮಾತು ಆಡುವವರು ಸಿಕ್ಕರೂ ದೊಡ್ಡ ಉಪಕಾರ. ಅಲ್ಲಿಗೂ ನಮಗೂ ಈಗ ಮೂರೂವರೆ ಗಂಟೆ ವ್ಯತ್ಯಾಸ. ಎಷ್ಟು ಹೊತ್ತಾದರೂ ಮೆಸೇಜ್ ಮಾಡಿ, ಎದ್ದಿರ್ತೀನಿ.